ಲೋಳೆ ಆಟಿಕೆಯಲ್ಲಿ ಏನಿದೆ?

(ನೊಣವಿನಕೆರೆಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ಪ್ರತಿ ಸಲ ನಾವು ಇಲ್ಲಿಗೆ ಬಂದರೆ ಉಳಿತಾಯ, ಸಾಲದ ಕಂತು, ಪುಸ್ತಕ ಬರೆಯೋದು ಇದೇ ಮಾತು ಆಗುತ್ತದೆ. ಇವತ್ತು ಲೆಕ್ಕದ ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಡಿ. ಮಕ್ಕಳ ಆಟದ ಸಾಮಾನಿನ ಬಗ್ಗೆ ಮಾತಾಡೋಣ. ಇದೇನು ಸಿಸ್ಟರ್‌ಗೆ ಬೇರೆ ಕೆಲಸ ಇಲ್ಲವಾ ಅಂತ ಕೆಲವರು ನಗುತ್ತಿದ್ದೀರಿ. ನಾವೂ ಹಿಂದೆ ಹಾಗೇ ನಗುತ್ತಿದ್ದೆವು.

ಕಳೆದ ಜಾತ್ರೆಯ ಸಮಯದಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರ ಮನೆಯಲ್ಲಿ ಆದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆ ತಾಯಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ದೊಡ್ಡ ಮಗಳು ಹತ್ತು ರೂಪಾಯಿ ಕೊಟ್ಟು ಒಂದು ಪುಟ್ಟ ಡಬ್ಬಿ ತಂದಿದ್ದಳು. ಒಳಗೆ ಹಸಿರು ಬಣ್ಣದ, ಹಿಡಿದರೆ ಜಾರುವ, ಎಳೆದರೆ ಉದ್ದವಾಗುವ ಲೋಳೆ. ಮಕ್ಕಳು ಅದಕ್ಕೆ ಸ್ಲೈಮ್ ಅನ್ನುತ್ತಾರೆ. ಮಗಳು ಶಾಲೆಗೆ ಹೋದಾಗ ಎರಡು ವರ್ಷದ ತಮ್ಮ ಡಬ್ಬಿ ತೆಗೆದು ಅರ್ಧ ತಿಂದುಬಿಟ್ಟ. ಹಣ್ಣಿನ ವಾಸನೆ ಬೇರೆ ಹಾಕಿದ್ದರು, ಮಗು ಜೆಲ್ಲಿ ಮಿಠಾಯಿ ಅಂದುಕೊಂಡಿತು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ಆಟೋ ಮಾಡಿಕೊಂಡು ತಿಪಟೂರಿಗೆ ಓಡಿದರು. ನಮಗೂ ಫೋನ್ ಬಂತು, ನಾವೂ ಹೋದೆವು.

ಅಲ್ಲಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ. "ಇದರಲ್ಲಿ ಏನಿದೆ?"

ನಾವು ಡಬ್ಬಿ ತಿರುಗಿಸಿ ನೋಡಿದೆವು. ಒಂದು ಬೊಂಬೆಯ ಚಿತ್ರ ಇತ್ತು. ಓದಲು ಬಾರದ ಯಾವುದೋ ಲಿಪಿಯಲ್ಲಿ ಎರಡು ಸಾಲು ಇತ್ತು. ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ಏನು ಹಾಕಿದ್ದಾರೆ ಅನ್ನೋದು ಇಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದ ನಾವು, ಎಸ್ಸೆಸ್ಸೆಲ್ಸಿ ಓದಿದ ಆ ತಾಯಿ, ಬರಹ ಬಾರದ ಅವರ ಅತ್ತೆ, ಮೂವರೂ ಬಾಯಿ ಮುಚ್ಚಿಕೊಂಡು ನಿಂತೆವು. ರಾತ್ರಿಯೆಲ್ಲಾ ಮಗುವನ್ನು ಅಲ್ಲೇ ಇಟ್ಟು ನೋಡಿಕೊಂಡರು. ಬೆಳಗ್ಗೆ ಚೇತರಿಸಿಕೊಂಡಿತು, ಈಗ ಚೆನ್ನಾಗಿದೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ ನಮಗೆ ಅವತ್ತೇ ಅನ್ನಿಸಿತು.

ನೋಡಿ, ನಮ್ಮ ಈ ಸೀಮೆಯ ಹೆಣ್ಣುಮಕ್ಕಳಿಗೆ ಪರೀಕ್ಷೆ ಮಾಡೋದು ಯಾರೂ ಹೇಳಿಕೊಡಬೇಕಾಗಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ನೀರಿನ ಸದ್ದು ಬಂದರೆ ಇನ್ನೂ ಇರಲಿ ಅಂತೀರಿ. ಒಳಗೆ ಉಂಡೆ ಕೊಬ್ಬರಿ ಲೊಟ ಲೊಟ ಅಂದರೆ ಸುಲಿಯಬಹುದು ಅಂತೀರಿ. ಒಡೆಯದೇ ಒಳಗಿನದು ಹೇಳುವ ವಿದ್ಯೆ ಅದು. ತಿಪಟೂರು ಮಾರುಕಟ್ಟೆಗೆ ಹೋಗುವ ಕೊಬ್ಬರಿಯೆಲ್ಲ ಹೀಗೆ ಮನೆಯಲ್ಲೇ ಒಂದು ಸಲ ಪರೀಕ್ಷೆಯಾಗಿ ಹೋಗುತ್ತದೆ. ಆದರೆ ಲೋಳೆ ಡಬ್ಬಿಯನ್ನು ಎಷ್ಟು ಅಲ್ಲಾಡಿಸಿದರೂ ಅದು ಏನೂ ಹೇಳೋದಿಲ್ಲ. ಮೂಸಿದರೆ ಹಣ್ಣಿನ ವಾಸನೆ, ಮುಟ್ಟಿದರೆ ತಂಪು.

ಹಾಗಾದರೆ ಅದರೊಳಗೆ ಏನಿರುತ್ತದೆ? ಮುಖ್ಯವಾಗಿ ಎರಡು ಪದಾರ್ಥ. ಒಂದು ಅಂಟು. 1976ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಸ್ಲೈಮ್ ಅನ್ನೋ ಹೆಸರಿನಲ್ಲೇ ಆಟಿಕೆ ಮಾರಾಟಕ್ಕೆ ತಂದಾಗ ಅದರಲ್ಲಿ ಇದ್ದದ್ದು ಗೋರಿಕಾಯಿ ಜಾತಿಯ ಬೀಜದಿಂದ ತೆಗೆದ ಗೋಂದು. ಈಗ ಹೆಚ್ಚಾಗಿ ಕಾಗದ ಅಂಟಿಸುವ ಬಿಳಿ ಗೋಂದಿನ ತರಹದ್ದು. ಇನ್ನೊಂದು, ಆ ಅಂಟಿನ ಎಳೆಗಳನ್ನು ಒಂದಕ್ಕೊಂದು ಹೆಣೆದು ನೀರಾಗಿ ಹರಿಯದ ಹಾಗೆ ಹಿಡಿದಿಡುವ ವಸ್ತು. ಅದೇ ಬೋರಾಕ್ಸ್.

ಈ ಹೆಸರು ನಿಮಗೆ ಹೊಸದಲ್ಲ. ಹರಳು ಉದುರುವ, ಗರಿ ಬಿಚ್ಚಿಕೊಳ್ಳದೆ ಅಂಟಿಕೊಂಡೇ ಬರುವ ತೆಂಗಿನ ಮರಕ್ಕೆ ಬೋರಾನ್ ಕೊರತೆ ಅಂತ ಕೃಷಿ ಅಧಿಕಾರಿಗಳು ಬುಡಕ್ಕೆ 50 ಗ್ರಾಂ ಲೆಕ್ಕದಲ್ಲಿ ಹಾಕಲು ಹೇಳುತ್ತಾರಲ್ಲ, ಅದೇ ಬೋರಾಕ್ಸ್. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಬಿಳಿಗಾರ ಅಂತ ಕೊಡುತ್ತಾರೆ. ಕೇರಂ ಆಡುವಾಗ ಹಲಗೆಗೆ ಹಾಕುವ ಪುಡಿ, ಜಿರಳೆಗೆ ಇಡುವ ಪುಡಿ, ಇವು ಹೆಚ್ಚಾಗಿ ಅದರ ಅಣ್ಣತಮ್ಮನಾದ ಬೋರಿಕ್ ಆಮ್ಲ. ಮರಕ್ಕೆ ಸ್ವಲ್ಪ ಬೇಕು, ಜಾಸ್ತಿಯಾದರೆ ಮರವೇ ಸೊರಗುತ್ತದೆ. ನಾವು ತಿನ್ನುವ ಸೊಪ್ಪು ತರಕಾರಿಯಲ್ಲೂ ಬೋರಾನ್ ಕಣದಷ್ಟು ಇದೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ. ಮಗುವಿನ ಹೊಟ್ಟೆಗೆ ಜಾಸ್ತಿ ಹೋದರೆ ವಾಂತಿ, ಭೇದಿ, ಮೈ ಕೆಂಪಾಗುವುದು. ತುಂಬಾ ಜಾಸ್ತಿಯಾದರೆ ಫಿಟ್ಸ್ ಕೂಡ ಬರಬಹುದು. ದಿನಾ ದಿನಾ ಒಳಗೆ ಸೇರಿದರೆ ಮುಂದೆ ಸಂತಾನ ಶಕ್ತಿಗೆ ಕೆಡುಕು ಅಂತ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತಿಳಿದು, ಯುರೋಪಿನವರು ಅದನ್ನು ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಮಗುವಿನ ಬಾಯಿ ಹುಣ್ಣಿಗೆ ಬಿಳಿಗಾರವನ್ನು ಜೇನಿನಲ್ಲಿ ಕಲಸಿ ಹಚ್ಚುವ ಪದ್ಧತಿ ಕೆಲವು ಮನೆಗಳಲ್ಲಿ ಇದೆ. ಅಜ್ಜಿಯರು ಬೇಜಾರು ಮಾಡಿಕೊಳ್ಳಬಾರದು, ಅದನ್ನು ಇವತ್ತಿಗೇ ಬಿಡಿ. ಹಾಗೆ ಜೇನು ಬಿಳಿಗಾರ ಚೀಪಿಸಿದ ಹಸುಗೂಸುಗಳಿಗೆ ಫಿಟ್ಸ್ ಬಂದದ್ದನ್ನು ವಿದೇಶದ ವೈದ್ಯರು 1980ರ ದಶಕದಲ್ಲೇ ಬರೆದಿಟ್ಟಿದ್ದಾರೆ.

ಇಷ್ಟು ತಿಳಿದ ಮೇಲೆ ನಾವು ಒಂದು ಹುಚ್ಚು ಕೆಲಸ ಮಾಡಿದೆವು. ಅರಿಶಿನದಿಂದ ಬೋರಾಕ್ಸ್ ಪತ್ತೆ ಮಾಡಬಹುದು ಅಂತ ಎಲ್ಲೋ ಓದಿದ್ದೆವು. ಬಿಳಿ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿ, ಉಳಿದಿದ್ದ ಹಸಿರು ಲೋಳೆಯನ್ನು ನೀರಲ್ಲಿ ಕದಡಿ ಒಂದು ಹನಿ ಬಿಟ್ಟೆವು. ಕೆಂಪಾಯಿತು! ಸಿಕ್ಕಿತು ಕಳ್ಳ ಅಂತ ನಾವು, ನಮ್ಮ ಕಚೇರಿಯ ಹುಡುಗಿಯರು ಕುಣಿದಾಡಿದ್ದೇ ಬಂತು. ಅಂಗಡಿಯವರನ್ನು ಹಿಡಿದು ಕೇಳೋದೊಂದು ಬಾಕಿ ಇತ್ತು. ಪುಣ್ಯಕ್ಕೆ ಹೈಸ್ಕೂಲಿನ ವಿಜ್ಞಾನದ ಮೇಷ್ಟರೊಬ್ಬರಿಗೆ ತೋರಿಸಿದೆವು. ಅವರು ನಕ್ಕು, "ಸಿಸ್ಟರ್, ನಿಮ್ಮ ಬಟ್ಟೆ ಸೋಪಿನ ನೀರು ಒಂದು ಹನಿ ಬಿಡಿ" ಅಂದರು. ಅದೂ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಹಾಕಿದರೆ ಓಕುಳಿ ಆಗೋದು, ಅರಿಶಿನದ ಕಲೆಯಾದ ಸೀರೆಗೆ ಸೋಪು ಹಚ್ಚಿದರೆ ಕೆಂಪಾಗೋದು ದಿನಾ ನೋಡುವ ನಮಗೆ ಇದು ಹೊಳೆಯಬೇಕಿತ್ತು. ಕ್ಷಾರ ಯಾವುದಿದ್ದರೂ ಅರಿಶಿನ ಕೆಂಪಾಗುತ್ತದೆ. ಬೋರಾನ್ ಇದೆ ಅಂತ ಹೇಳಬೇಕಾದರೆ ಮೊದಲು ಅದಕ್ಕೆ ಬಲವಾದ ಆಮ್ಲ ಸೇರಿಸಿ, ಕಾಗದ ಅದ್ದಿ, ಪೂರಾ ಒಣಗಿಸಬೇಕು. ಆಗಲೂ ಕೆಂಪು ನಿಂತರೆ, ಆಮೇಲೆ ಕ್ಷಾರ ತಾಗಿಸಿದಾಗ ಅದು ಕಪ್ಪು ಹಸಿರಿಗೆ ತಿರುಗಿದರೆ, ಆಗ ಹೌದು ಅನ್ನಬಹುದು. ಅದು ಪ್ರಯೋಗಶಾಲೆಯ ಕೆಲಸ. ಮನೆಯಲ್ಲಿ ಶೌಚಾಲಯ ತೊಳೆಯೋ ಆಸಿಡ್ ತೆಗೆದುಕೊಂಡು ಯಾರೂ ಪ್ರಯತ್ನ ಮಾಡಬೇಡಿ, ದಯವಿಟ್ಟು. ಅಷ್ಟು ಮಾಡಿದರೂ ಇದೆ ಅಂತ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗೋದಿಲ್ಲ.

ಎಷ್ಟಿದೆ ಅಂತ ಹೇಳುವ ಪರೀಕ್ಷೆ ಬೇರೆ ರೀತಿಯದು. ಅದನ್ನು ಕೇಳಿದಾಗ ನಮಗೆ ಬಹಳ ಮೆಚ್ಚಿಗೆಯಾಯಿತು. ಏಕೆಂದರೆ ಅದು ಆಟಿಕೆಯಲ್ಲಿ ಒಟ್ಟು ಏನಿದೆ ಅಂತ ಕೇಳೋದಿಲ್ಲ, ಮಗು ನುಂಗಿದರೆ ಹೊಟ್ಟೆಯಲ್ಲಿ ಎಷ್ಟು ಬಿಡುತ್ತದೆ ಅಂತ ಕೇಳುತ್ತದೆ. ಜಠರದ ಆಮ್ಲದಷ್ಟೇ ಹುಳಿಯಿರುವ ತೆಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಮೈ ಬಿಸಿಯಷ್ಟು, ಅಂದರೆ 37 ಡಿಗ್ರಿಗೆ ಕಾಯಿಸಿ, ಅದರಲ್ಲಿ ಆಟಿಕೆಯ ಚೂರನ್ನು ಹಾಕಿ ಒಂದು ಗಂಟೆ ಅಲ್ಲಾಡಿಸುತ್ತಾರೆ, ಇನ್ನೊಂದು ಗಂಟೆ ಹಾಗೇ ಬಿಡುತ್ತಾರೆ. ಆಮೇಲೆ ಸೋಸಿ, ಆ ನೀರಿಗೆ ಇಳಿದು ಬಂದ ಧಾತುಗಳನ್ನು ಯಂತ್ರದಲ್ಲಿ ಅಳೆಯುತ್ತಾರೆ. ಗಾಜಿನ ಬಾಟಲಿಯಲ್ಲಿ ಒಂದು ಮಗುವಿನ ಹೊಟ್ಟೆ ಕಟ್ಟಿದ ಹಾಗೆ.

ಯುರೋಪಿನ ಕಾನೂನಿನಲ್ಲಿ ಲೋಳೆಯಂಥ ಅಂಟು ಆಟಿಕೆಯಿಂದ ಹೀಗೆ ಇಳಿದು ಬರುವ ಬೋರಾನ್ ಒಂದು ಕೆಜಿಗೆ 300 ಮಿಲಿಗ್ರಾಂ ದಾಟಬಾರದು. 2018ರಲ್ಲಿ ಇಂಗ್ಲೆಂಡಿನ ವಿಚ್ ಎಂಬ ಗ್ರಾಹಕರ ಸಂಸ್ಥೆ 11 ಬಗೆಯ ಸ್ಲೈಮ್ ಕೊಂಡು ಪರೀಕ್ಷೆ ಮಾಡಿಸಿತು. 8 ಮಿತಿ ದಾಟಿದ್ದವು. ಒಂದರಲ್ಲಿ ಮಿತಿಯ ನಾಲ್ಕು ಪಟ್ಟಿಗೂ ಹೆಚ್ಚು ಇತ್ತು. ಅಷ್ಟು ಕಟ್ಟುನಿಟ್ಟಿನ ದೇಶದಲ್ಲೇ ಹೀಗೆ.

ಇನ್ನು ನಮ್ಮ ಮಕ್ಕಳು ಮೊಬೈಲ್ ನೋಡಿಕೊಂಡು ಮನೆಯಲ್ಲೇ ತಯಾರಿಸುತ್ತಾರಲ್ಲ, ಅದರ ಲೆಕ್ಕ ಮಾಡೋಣ. ಲೆಕ್ಕದಲ್ಲಿ ನೀವೆಲ್ಲ ಜಾಣರು. ಕಾಲು ಕೆಜಿ ಲೋಳೆಗೆ ಒಂದು ಚಮಚ, ಅಂದಾಜು 5 ಗ್ರಾಂ ಬಿಳಿಗಾರ ಹಾಕಿದರು ಅಂತಿಟ್ಟುಕೊಳ್ಳಿ. ಬಿಳಿಗಾರದ ತೂಕದಲ್ಲಿ ನೂರಕ್ಕೆ 11 ಪಾಲು ಬೋರಾನ್. 5 ಗ್ರಾಂಗೆ 550 ಮಿಲಿಗ್ರಾಂ ಆಯಿತು. ಕಾಲು ಕೆಜಿಗೆ 550 ಆದರೆ ಒಂದು ಕೆಜಿಗೆ 2,200. ಅದರಲ್ಲಿ ಬಹುಪಾಲು ಹೊಟ್ಟೆಯ ಆಮ್ಲಕ್ಕೆ ಇಳಿದರೆ 300ರ ಮಿತಿಗೆ ಏಳು ಪಟ್ಟಿನ ಹತ್ತಿರ. ತೋಟದ ಮನೆಯಲ್ಲಿ ಮರಕ್ಕೆ ತಂದಿಟ್ಟ ಚೀಲದಿಂದ ಹುಡುಗರು ಒಂದು ಹಿಡಿ ತೆಗೆದರೆ ಇನ್ನೆಷ್ಟೋ. ಮನೆಯಲ್ಲಿ ಮಾಡಿದ್ದು, ಆದ್ದರಿಂದ ಒಳ್ಳೆಯದು ಅನ್ನುವ ಮಾತು ಉಪ್ಪಿನಕಾಯಿಗೆ ಸರಿ, ಇದಕ್ಕೆ ಸರಿಯಲ್ಲ. ಹೀಗೆ ಮಾಡಲು ಹೋಗಿ ಅಂಗೈ ಬೊಬ್ಬೆ ಬಂದ ಮಕ್ಕಳ ಸುದ್ದಿ 2017ರಲ್ಲಿ ಅಮೆರಿಕದಿಂದ ಬಂದಿತ್ತು.

ಹಾಗಾದರೆ ನಮ್ಮ ರಾಜ್ಯದಲ್ಲಿ ಮಕ್ಕಳ ಮೈಗೆ ಸೇರುವ ವಿಷದ ಬಗ್ಗೆ ಯಾರಾದರೂ ತಲೆಕೆಡಿಸಿಕೊಂಡಿದ್ದಾರಾ? ಇದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ಹಿಂದೆ ಬಿದ್ದರು. ಜಾರ್ಜ್ ಫೌಂಡೇಶನ್ ಜೊತೆ ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ, ಕಲ್ಕತ್ತ, ಹೈದರಾಬಾದ್, ವೆಲ್ಲೂರು ಎಂಬ ಏಳು ಊರುಗಳಲ್ಲಿ ರಕ್ತ ಪರೀಕ್ಷೆ ಮಾಡಿ 1999ರಲ್ಲಿ ವರದಿ ಕೊಟ್ಟರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಆಗಿನ ಮಿತಿಯಾದ 10 ಮೈಕ್ರೋಗ್ರಾಂ ದಾಟಿತ್ತು. ಸೀಸ ಬೋರಾಕ್ಸ್‌ನ ಹಾಗಲ್ಲ. ಅದು ಮಗುವಿನ ಬುದ್ಧಿಗೇ ಕೈ ಹಾಕುತ್ತದೆ, ಇಷ್ಟು ಇದ್ದರೆ ತೊಂದರೆ ಇಲ್ಲ ಅನ್ನುವ ಮಟ್ಟವೇ ಅದಕ್ಕಿಲ್ಲ. ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಪಾಲು ಎಂಬ ಮಿತಿ 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಆಟಿಕೆಗಳ ಹಳದಿ, ಕೆಂಪು ಬಣ್ಣದಲ್ಲಿ ಮತ್ತು ಅಗ್ಗದ ಪ್ಲಾಸ್ಟಿಕ್‌ನಲ್ಲಿ ಸೀಸ ಬರುವುದುಂಟು.

ಸೀಸ ಹುಡುಕಲು ಬಂದೂಕಿನ ಆಕಾರದ ಒಂದು ಎಕ್ಸ್‌ರೇ ಯಂತ್ರ ಇದೆ. ಆಟಿಕೆಯ ಮೇಲೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಇಷ್ಟು ಸೀಸ, ಇಷ್ಟು ಕ್ಯಾಡ್ಮಿಯಂ ಅಂತ ತೋರಿಸುತ್ತದೆ. ನಾವು ಆಸೆಯಿಂದ ವಿಚಾರಿಸಿದೆವು, ನಮ್ಮ ಲೋಳೆಗೂ ಹಿಡಿಯಬಹುದಲ್ಲ ಅಂತ. ಆಗೋದಿಲ್ಲವಂತೆ. ಬೋರಾನ್ ಬಹಳ ಹಗುರದ ಧಾತು, ಆ ಯಂತ್ರದ ಕಣ್ಣಿಗೆ ಬೀಳೋದೇ ಇಲ್ಲ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಹಾಕುವ ಥ್ಯಾಲೇಟ್ ಎಂಬ ಎಣ್ಣೆಯಂಥ ವಸ್ತುವೂ ಅದಕ್ಕೆ ಕಾಣೋದಿಲ್ಲ, ಅದಕ್ಕೆ ಮತ್ತೊಂದು ಪರೀಕ್ಷೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 24 ಆಟಿಕೆ ಪರೀಕ್ಷಿಸಿ 2010ರಲ್ಲಿ ವರದಿ ಕೊಟ್ಟರು. ಎಲ್ಲದರಲ್ಲೂ ಥ್ಯಾಲೇಟ್ ಇತ್ತು. ಅಂದರೆ ಒಂದೊಂದು ವಿಷಕ್ಕೆ ಒಂದೊಂದು ಪರೀಕ್ಷೆ. ಇದನ್ನೆಲ್ಲ ಹತ್ತು ರೂಪಾಯಿಯ ಡಬ್ಬಿ ಕೊಳ್ಳುವ ತಾಯಿ ಮಾಡಬೇಕು ಅಂತ ಯಾರಾದರೂ ಹೇಳಿದರೆ ಅದು ನ್ಯಾಯವಲ್ಲ. ಅಂಗಡಿಗೆ ಬರುವ ಮೊದಲೇ ಅದು ಆಗಿರಬೇಕು.

ಸರ್ಕಾರವೂ ಅದನ್ನು ಒಪ್ಪಿದೆ. 2019ರಲ್ಲಿ ಭಾರತ ಗುಣಮಟ್ಟ ಮಂಡಳಿ ದೆಹಲಿ ಸುತ್ತಮುತ್ತಲ ಅಂಗಡಿಗಳಿಂದ 121 ಆಟಿಕೆ ತಂದು ಪರೀಕ್ಷಿಸಿದಾಗ ನೂರಕ್ಕೆ 67ರಷ್ಟು ಫೇಲಾದವು. ಆಮೇಲೆ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆ ಇಲ್ಲಿ ಮಾಡಿದ್ದಿರಲಿ, ಹೊರದೇಶದ್ದಿರಲಿ, ಐಎಸ್‌ಐ ಗುರುತು ಇಲ್ಲದೆ ಮಾರುವಂತಿಲ್ಲ. ಚನ್ನಪಟ್ಟಣದ ಗೊಂಬೆಯಂಥ, ಭೌಗೋಳಿಕ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇದೆ. ನಮ್ಮ ಜಾತ್ರೆಯ ಡಬ್ಬಿಯಲ್ಲಿ ಆ ಗುರುತು ಇರಲಿಲ್ಲ. ಅಂದರೆ ಅದನ್ನು ಮಾರಿದ್ದೇ ಕಾನೂನಿಗೆ ವಿರುದ್ಧ.

ಇಲ್ಲೊಂದು ಸಂಗತಿ ನಿಮಗೆ ಮುಚ್ಚಿಡಬಾರದು. ಐಎಸ್‌ಐ ಗುರುತಿಗಾಗಿ ಆ ಹೊಟ್ಟೆಯ ಆಮ್ಲದ ಪರೀಕ್ಷೆಯಲ್ಲಿ ನೋಡುವುದು ಎಂಟು ಧಾತು: ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್, ಕ್ರೋಮಿಯಂ, ಬೇರಿಯಂ, ಆಂಟಿಮನಿ, ಸೆಲೆನಿಯಂ. ಬೋರಾನ್ ಆ ಎಂಟರಲ್ಲಿ ಇಲ್ಲ. ಯುರೋಪಿನ ಪಟ್ಟಿಯಲ್ಲಿ 19 ಇವೆ, ಬೋರಾನ್ ಸೇರಿ. ಆದ್ದರಿಂದ ಗುರುತು ಇರುವ ಸ್ಲೈಮ್ ಆದರೆ ಸೀಸದ ಭಯ ಕಡಿಮೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಬೋರಾಕ್ಸ್ ಎಷ್ಟಿದೆ ಅನ್ನುವುದಕ್ಕೆ ಅದು ಉತ್ತರ ಅಲ್ಲ.

ಇನ್ನೊಂದು ಆಟಿಕೆ, ನೀರಿನ ಮಣಿ. ಸಬ್ಬಕ್ಕಿಯಷ್ಟು ಸಣ್ಣದು, ಬಣ್ಣಬಣ್ಣದ್ದು, ನೀರಿಗೆ ಹಾಕಿದರೆ ಗೋಲಿಯಷ್ಟು ಊದುತ್ತದೆ. ಹೂವಿನ ಕುಂಡಕ್ಕೂ ಇಡುತ್ತಾರೆ. ಇದರಲ್ಲಿ ರಾಸಾಯನಿಕಕ್ಕಿಂತ ದೊಡ್ಡ ಗಂಡಾಂತರ ಬೇರೆ ಇದೆ. ಮಗು ನುಂಗಿದರೆ ಅದು ಕರುಳಿನಲ್ಲಿ ಊದಿಕೊಂಡು ದಾರಿ ಕಟ್ಟುತ್ತದೆ, ಸಾಧಾರಣ ಎಕ್ಸ್‌ರೇಯಲ್ಲಿ ಕಾಣಿಸೋದೂ ಇಲ್ಲ. 2023ರಲ್ಲಿ ಅಮೆರಿಕದಲ್ಲಿ ಹತ್ತು ತಿಂಗಳ ಮಗುವೊಂದು ಇದರಿಂದ ಸತ್ತು, ಆ ಕಂಪನಿಯ ಮಣಿಗಳನ್ನೆಲ್ಲ ವಾಪಸು ಪಡೆದರು. ಇದಕ್ಕೆ ನಮ್ಮ ಮಾತು ನೇರ: ಸಣ್ಣ ಮಗು ಇರುವ ಮನೆಯಲ್ಲಿ ಇದು ಬೇಡ. ಅಕ್ಕನ ಆಟದ ಡಬ್ಬಿಯಲ್ಲೂ ಬೇಡ.

ಸ್ಲೈಮ್ ಬಗ್ಗೆ ಅಷ್ಟು ಕಠಿಣವಾಗಿ ಹೇಳೋದಿಲ್ಲ. ಹತ್ತು ವರ್ಷದ ಹುಡುಗಿ ಅರ್ಧ ಗಂಟೆ ಆಡಿ, ಸೋಪು ಹಾಕಿ ಕೈ ತೊಳೆದು ಊಟಕ್ಕೆ ಕೂತರೆ ಹೆದರಬೇಕಾಗಿಲ್ಲ. ಕೈಯಲ್ಲಿ ಗಾಯ ಇದ್ದರೆ, ಉಗುರು ಕಚ್ಚುವ ಅಭ್ಯಾಸ ಇದ್ದರೆ ಬೇಡ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಮಾತ್ರ ಖಂಡಿತ ಸಿಗಬಾರದು. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಅದರ ಕೆಳಗಿರುವ ಪರವಾನಗಿ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಗುರುತಿಲ್ಲದ್ದು ಮಾರುತ್ತಿದ್ದರೆ ಅದೇ ಆಪ್‌ನಲ್ಲಿ ದೂರು ಕೊಡಬಹುದು, ಅಥವಾ ಗ್ರಾಹಕರ ಸಹಾಯವಾಣಿ 1915. ಮಗು ಏನಾದರೂ ನುಂಗಿದರೆ ಮನೆಮದ್ದು ಮಾಡಿ ವಾಂತಿ ಮಾಡಿಸಬೇಡಿ. ಡಬ್ಬಿ, ಉಳಿದ ಚೂರು ಎಲ್ಲ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ವಿಷ ಮಾಹಿತಿ ಕೇಂದ್ರ ಇದೆ, 1800 116 117, ದುಡ್ಡು ಕೊಡಬೇಕಾಗಿಲ್ಲ. ಈ ನಂಬರನ್ನು ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ.

ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಆ ಡಬ್ಬಿ ಮಾರಿದವರನ್ನು ನಾವು ಹುಡುಕಿ ಮಾತಾಡಿಸಿದೆವು. ಮೂಟೆ ಹೊತ್ತು ಜಾತ್ರೆಯಿಂದ ಜಾತ್ರೆಗೆ ತಿರುಗುವ ಬಡ ಹೆಂಗಸು. ಆಕೆಯ ಮೊಮ್ಮಗನೂ ಅದೇ ಲೋಳೆ ಹಿಡಿದು ಕೂತಿದ್ದ. ನಮ್ಮ ಮಾತು ಕೇಳಿ ಮೊದಲು ಅವನ ಕೈಯಿಂದ ಕಿತ್ತುಕೊಂಡಳು.

ಮಕ್ಕಳಿಗೆ ಲೋಳೆಯಲ್ಲಿ ಆಡುವ ಆಸೆ ಇರೋದು ಸಹಜ. ತಲೆಗೆ ಹಚ್ಚಲು ದಾಸವಾಳದ ಸೊಪ್ಪು ಕಿವುಚುತ್ತೀರಲ್ಲ, ಅದಕ್ಕಿಂತ ಒಳ್ಳೆ ಲೋಳೆ ಯಾವುದಿದೆ? ಅಗಸೆ ಬೀಜ ಕುದಿಸಿ ಸೋಸಿದರೆ ಅಂಗಡಿಯದರ ಹಾಗೇ ಎಳೆ ಎಳೆಯಾಗಿ ಬರುತ್ತದೆ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಕಣ್ಣೆದುರೇ ಊದುತ್ತದೆ. ಮುದ್ದೆ ಕಟ್ಟುವಾಗ ಒಂದು ಉಂಡೆ ಹಿಟ್ಟು ಮಗುವಿಗೆ ಕೊಟ್ಟು ನೋಡಿ. ಇವು ಎರಡು ದಿನಕ್ಕೆ ಹಳಸುತ್ತವೆ ನಿಜ. ಹಳಸಿದರೆ ತಿಪ್ಪೆಗೆ ಹಾಕಿ.

ಆ ಹಸಿರು ಡಬ್ಬಿ ಈಗಲೂ ನಮ್ಮ ಕಚೇರಿಯ ಕಪಾಟಿನಲ್ಲಿದೆ, ಬೀಗ ಹಾಕಿ ಇಟ್ಟಿದ್ದೇವೆ. ಬೆಂಗಳೂರಿನ ಪೀಣ್ಯದಲ್ಲಿ ಭಾರತೀಯ ಮಾನಕ ಬ್ಯೂರೋದ ಕಚೇರಿ ಇದೆ. ಅಲ್ಲಿಗೆ ಎರಡು ಪುಟದ ಒಂದು ಪತ್ರ ಬರೆದಿದ್ದೇವೆ. ಗುರುತಿಲ್ಲದ ಆಟಿಕೆ ನಮ್ಮ ಜಾತ್ರೆಗಳಲ್ಲಿ ಮಾರಾಟವಾಗುತ್ತಿದೆ ಅಂತ ಒಂದು ಮಾತು, ಲೋಳೆ ಆಟಿಕೆಗೆ ಬೋರಾನ್ ಪರೀಕ್ಷೆಯನ್ನೂ ಸೇರಿಸಬೇಕು ಅಂತ ಇನ್ನೊಂದು ಮಾತು. ಡಬ್ಬಿಯನ್ನು ಪತ್ರದ ಜೊತೆ ಕಳಿಸುತ್ತೇವೆ. ಚಹಾ ಆದ ಮೇಲೆ ಮಗುವಿನ ತಾಯಿಯೇ ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ಕೇಳಿ, ಏನಾದರೂ ತಪ್ಪಿದ್ದರೆ ತಿದ್ದಿಸಿ, ಒಪ್ಪಿಗೆಯಾದವರು ಸಹಿ ಹಾಕಿ. ಹೆಬ್ಬೆಟ್ಟು ಒತ್ತುವವರಿಗೆ ಮಸಿಯ ಡಬ್ಬಿ ಮೇಜಿನ ಮೇಲಿದೆ.